ಮೀಟರು ಹೇಳದ ಕಥೆ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆ ಮುಂದೆ ಬೈಕ್ ತಂದು ನಿಲ್ಲಿಸಿದ. ಹಿಂದೆ ಅವನ ತಂದೆ ಕೂತಿದ್ದರು. ತೀರ್ಥಹಳ್ಳಿ ಕಡೆಯವರು. ಹುಡುಗನಿಗೆ ಉಡುಪಿಯಲ್ಲಿ ಸೀಟು ಸಿಕ್ಕಿದೆ, ಓಡಾಡಲೆಂದು 150 ಸಿ.ಸಿ.ಯ ಹಳೆಯ ಬೈಕ್ ಕೊಂಡಿದ್ದಾರೆ. "ಮೇಷ್ಟ್ರೇ, ಮೀಟರಿನಲ್ಲಿ ಬರೀ 22 ಸಾವಿರ. ಹೊಸದರ ಹಾಗೇ ಇದೆ" ಎಂದರು ತಂದೆ. ಸರ್ವೀಸ್ ಪುಸ್ತಕ ಕೇಳಿದೆ. ಮಾರಿದವರು ಕೊಟ್ಟಿರಲಿಲ್ಲ. ಭಾನುವಾರ ಇಬ್ಬರೂ ಇದರಲ್ಲೇ ಆಗುಂಬೆ ಘಾಟಿ ಇಳಿಯುವುದೆಂದು ನಿಶ್ಚಯವಾಗಿತ್ತು.

ಮೀಟರಿನ ಮಾತು ನಂಬುವಂಥದ್ದಲ್ಲ. ಕೇಬಲ್ ಕಡಿದು ಅದು ವರ್ಷಗಟ್ಟಲೆ ನಿಂತಿರಬಹುದು, ಮೀಟರನ್ನೇ ಬದಲಿಸಿರಬಹುದು. ನಾನು ಟೈರಿನ ಪಕ್ಕ ಮಂಡಿಯೂರಿ ಕುಳಿತೆ. ಅಲ್ಲಿ 3114 ಎಂಬ ಅಂಕಿಗಳಿದ್ದವು. ಅಂದರೆ 2014ರ 31ನೆಯ ವಾರದಲ್ಲಿ ತಯಾರಾದ ಟೈರು. ಗೀರುಗಳೇನೋ ಆಳವಾಗಿದ್ದವು, ಆದರೆ ರಬ್ಬರು ಉಗುರಿಗೆ ಬಗ್ಗಲಿಲ್ಲ. ಬದಿಯಲ್ಲಿ ಕೂದಲೆಳೆಯ ಬಿರುಕು. ಗಾಳಿಯ ಆಮ್ಲಜನಕ ಮತ್ತು ಓಝೋನ್, ಗಾಡಿ ನಿಂತಲ್ಲೇ ನಿಂತಿದ್ದರೂ ರಬ್ಬರನ್ನು ಕೆಡಿಸುತ್ತಲೇ ಇರುತ್ತವೆ. ಇಂಥ ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ.

ಅಂಕಪಟ್ಟಿಯಿಲ್ಲದೆ ಬೇರೆ ಶಾಲೆಯಿಂದ ಬಂದ ಹುಡುಗನಿಗೆ ನಾವು ಏನು ಮಾಡುತ್ತೇವೆ? ಮೊದಲ ಪಾಠದಿಂದಲೇ ಶುರು ಮಾಡುತ್ತೇವೆ. ಇಲ್ಲೂ ಅಷ್ಟೆ. ಏನೂ ಬದಲಿಸಿಲ್ಲ ಎಂದೇ ತಿಳಿದು ಹೊರಡಬೇಕು.

ನನಗೆ ನಿಜವಾಗಿ ಗಾಬರಿಯಾದದ್ದು ಬ್ರೇಕ್ ಆಯಿಲ್ ನೋಡಿದಾಗ. ಹ್ಯಾಂಡಲಿನ ಮೇಲಿನ ಪುಟ್ಟ ಡಬ್ಬಿಯ ಗಾಜಿನಲ್ಲಿ ಅದು ಎಳೆ ಹಳದಿಯಾಗಿ ಕಾಣಬೇಕು, ಇಲ್ಲಿ ಕಷಾಯದಂತಿತ್ತು. ಅಂಗಡಿಯವರು ಆಯಿಲ್ ಎಂದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ.

ಇನ್ನು ಲೆಕ್ಕ ಹಾಕಿ. ಗಾಡಿ ಮತ್ತು ಇಬ್ಬರು ಸವಾರರು ಸೇರಿ 270 ಕಿಲೋ, ಇಳಿಯುವ ಎತ್ತರ 500 ಮೀಟರ್ ಎಂದಿಟ್ಟುಕೊಳ್ಳೋಣ. ಸುಮಾರು 13 ಲಕ್ಷ ಜೌಲ್ ಶಕ್ತಿ. ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಗಾಳಿ, ಎಂಜಿನ್ನು ಒಂದಷ್ಟನ್ನು ನುಂಗಿಕೊಂಡರೂ, ಹದಿನಾಲ್ಕು ತಿರುವುಗಳಲ್ಲಿ ಬ್ರೇಕ್ ಹಿಡಿದೇ ಇಳಿಯುವವನ ಡಿಸ್ಕು ಕಾದು ಬಿಡುತ್ತದೆ. ಒಳಗಿನ ದ್ರವ ಕುದಿದರೆ ಗುಳ್ಳೆ. ಪಾಸ್ಕಲನ ನಿಯಮ ನೀವು ಓದಿದ್ದೀರಿ: ದ್ರವ ಕುಗ್ಗುವುದಿಲ್ಲ, ಒತ್ತಡವನ್ನು ದಾಟಿಸುತ್ತದೆ. ಆವಿ ಹಾಗಲ್ಲ, ಕುಗ್ಗುತ್ತದೆ. ಲಿವರ್ ಹ್ಯಾಂಡಲಿಗೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ.

"ಈಗ ಚೆನ್ನಾಗಿಯೇ ಹಿಡಿಯುತ್ತಿದೆಯಲ್ಲ ಸಾರ್" ಎಂದ ಹುಡುಗ. ಹೌದು, ತಣ್ಣಗಿರುವಾಗ ಹಿಡಿಯುತ್ತದೆ. ಅದೇ ತೊಂದರೆ.

ತಂದೆಯವರ ಮುಖ ಸಪ್ಪಗಾಯಿತು. ಬೈಕಿಗೇ ಕೈ ಖಾಲಿಯಾಗಿತ್ತು. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ ಎಂದೆ. ಗಾಡಿಯನ್ನು ನಿಲ್ಲಿಸುವುದು ಮೊದಲು, ಓಡಿಸುವುದು ಆಮೇಲೆ: ಟೈರು, ಬ್ರೇಕ್ ಪ್ಯಾಡು, ಸೀಲು ಒಡೆಯದ ಡಬ್ಬಿಯ ಹೊಸ ಬ್ರೇಕ್ ಆಯಿಲ್. ಬ್ರೇಕ್ ಕೆಲಸವನ್ನು ಮೆಕ್ಯಾನಿಕ್ಕೇ ಮಾಡಲಿ. ಜೊತೆಗೆ ಎಂಜಿನ್ ಆಯಿಲ್. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ! ಬಹುಪಾಲು ಸೈಲೆನ್ಸರಿನಿಂದ ಹೋದರೂ, ಗಾಡಿ ಬಿಸಿಯಾಗದಂತೆ ಸಣ್ಣ ದೂರವಷ್ಟೇ ಓಡಿಸುವವರ ಎಂಜಿನ್ ಆಯಿಲಿನಲ್ಲಿ ಕೊಂಚ ಉಳಿಯುತ್ತದೆ. ಏರ್ ಫಿಲ್ಟರ್, ಪ್ಲಗ್ಗು ಅಗ್ಗ. ಚೈನು, ಬ್ಯಾಟರಿ ತಪಾಸಣೆ ಮಾಡಿಸಿ ಮುಂದಿನ ತಿಂಗಳಿಗೆ ಬಿಡಬಹುದು. ಹುಡುಗ ಜೋರು ಸದ್ದಿನ ಸೈಲೆನ್ಸರಿಗೆಂದು ದುಡ್ಡು ಕೂಡಿಟ್ಟಿದ್ದನಂತೆ. ಟೈರಿಗೆ ಅದೇ ಒದಗಿತು.

ಮೆಕ್ಯಾನಿಕ್ ಬಿಚ್ಚಿದಾಗ ಒಂದು ಪ್ಯಾಡು ತಗಡಿನವರೆಗೆ ಸವೆದಿತ್ತು. ತಂದೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆ ಭಾನುವಾರ ಅಪ್ಪ ಮಗ ಬಸ್ಸಿನಲ್ಲಿ ಹೋದರು. ಮುಂದಿನ ವಾರ ಹುಡುಗ ಎರಡನೇ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲೇ ಘಾಟಿ ಇಳಿದ.

ಆಮೇಲೆ ಒಂದು ಫೋನು. "ಸಾರ್, ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಎಲ್ಲ ಬರೆದೆ. ಕಿಲೋಮೀಟರ್ ಎಷ್ಟು ಅಂತ ಬರೀಲಿ?"

"ಮೀಟರಿನಲ್ಲಿರುವುದನ್ನೇ ಬರಿಯಪ್ಪಾ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕು" ಎಂದೆ.