ತೆರೆಯ ಮೇಲಿನ ಯೋಧ ನಮ್ಮ ಊರಿನವನಲ್ಲ



ಕಾರವಾರದಿಂದ ಕದ್ರಾ ದಾಟಿ ಘಟ್ಟ ಹತ್ತಿದರೆ ನಮ್ಮೂರು ಅಣಶಿ. ಮುಂದೆ ಕುಂಬಾರವಾಡ, ಜೋಯಿಡಾ. ಸುತ್ತಲೂ ಹುಲಿ ಸಂರಕ್ಷಿತ ಕಾಡು. ಕೆಳಗೆ ಕಾರವಾರದಲ್ಲಿ ನೌಕಾನೆಲೆ, ಅತ್ತ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ. ಎರಡರ ನಡುವೆ ಬದುಕುವ ನಮಗೆ ಮಿಲ್ಟ್ರಿ ಎಂದರೆ ಪಕ್ಕದ ಮನೆಯ ವಿಷಯ. ಹಳಿಯಾಳ, ಜೋಯಿಡಾ ಕಡೆ ದಂಡಿಗೆ ಹೋದ ಮಗ, ಪಿಂಚಣಿ ಮೇಲೆ ಊರಿಗೆ ಬಂದ ಮಾವ ಅಪರೂಪದವರೇನಲ್ಲ.

ಈ ಜನರನ್ನು ಸಿನಿಮಾದಲ್ಲಿ, ಧಾರಾವಾಹಿಯಲ್ಲಿ, ಸುದ್ದಿ ವಾಹಿನಿಯಲ್ಲಿ ಹುಡುಕಿ ನೋಡಿ. ಸಿಗುವುದಿಲ್ಲ.

ತೆರೆಯ ಮೇಲೆ ಸೈನಿಕನಿಗೆ ಎರಡೇ ಕೆಲಸ: ಗುಂಡು ಹಾರಿಸುವುದು, ಇಲ್ಲವೇ ಗುಂಡು ತಿಂದು ಸಾಯುವುದು. ಸಾಯುವ ಮುಂಚೆ ಒಂದು ಉದ್ದದ ಭಾಷಣ. ಬದುಕಿ ಊರಿಗೆ ಬಂದನೋ, ಅವನು ನಗಿಸಲಿಕ್ಕೆ ಇಟ್ಟ ಪಾತ್ರ. ಗಿರಿಜಾ ಮೀಸೆ, ಕೈಯಲ್ಲಿ ರಮ್ ಬಾಟಲಿ, ಮಾತಿಗೊಮ್ಮೆ ಹರಕುಮುರುಕು ಹಿಂದಿ. ನಮ್ಮ ಹಿರಿಯರು ಟೆಂಟ್ ಟಾಕೀಸಿನಲ್ಲಿ ನೋಡಿದ್ದೂ ಇದನ್ನೇ, ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುತ್ತಿರುವುದೂ ಇದನ್ನೇ.

ಇದರ ಬಿಸಿ ಯಾರಿಗೆ ತಟ್ಟುತ್ತದೆ ಎಂದು ಚಿತ್ರ ಮಾಡುವವರು ಕೇಳಿದ್ದಾರೆಯೇ? ಗಡಿಯಲ್ಲಿ ಜೀವ ಸವೆಸಿ ಬಂದವನನ್ನು ಪೇಟೆಯಲ್ಲಿ ಹಿಡಿದು ನಿಲ್ಲಿಸಿ, "ಏನ್ರೀ ಮಿಲ್ಟ್ರಿ, ಬಾಟಲಿ ಸಿಗ್ತದಾ?" ಎನ್ನುತ್ತಾರೆ. ಊರ ಜನ ಹುಟ್ಟಾ ಕೆಟ್ಟವರಲ್ಲ. ಸಿನಿಮಾ ಕಲಿಸಿದ್ದನ್ನು ಆಡುತ್ತಾರೆ. ಮಗ ಗಡಿಯಲ್ಲಿರುವ ತಾಯಿಗಂತೂ ಯಾವ ಧಾರಾವಾಹಿಯಲ್ಲಿ ಸಮವಸ್ತ್ರ ಕಂಡರೂ ಮುಂದಿನ ಕಂತಿಗೆ ಬಾವುಟ ಹೊದೆಸಿದ ಪೆಟ್ಟಿಗೆ ಬರುತ್ತದೆಂದು ಗೊತ್ತು. ಆಕೆ ಎದ್ದು ಒಳಗೆ ಹೋಗುತ್ತಾಳೆ.

ನಮ್ಮ ಜಿಲ್ಲೆಯವರದೇ ಒಂದು ಕಥೆ ಹೇಳುತ್ತೇನೆ. ಕಾರವಾರದ ಹತ್ತಿರದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ ಬಾಂಬೆ ಸ್ಯಾಪರ್ಸ್ ಪಡೆಯ ಎಂಜಿನಿಯರಿಂಗ್ ಅಧಿಕಾರಿ. 1948ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಜಮ್ಮುವಿನ ನೌಶೇರಾದಿಂದ ರಜೌರಿಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ನೆಲಬಾಂಬು, ಉರುಳಿಸಿದ ಮರ, ಒಡೆದ ಮೋರಿ. ಕೆಲಸ ಶುರುವಾಗುತ್ತಿದ್ದಂತೆ ಶತ್ರುವಿನ ಮಾರ್ಟರ್ ಗುಂಡು ಬಿದ್ದು ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಅವರು ಹಿಂದೆ ಸರಿಯಲಿಲ್ಲ. ಮುಂದಿನ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತಾ, ಬಾಂಬು ಹೂತ ನೆಲದ ಮೇಲೆ ಟ್ಯಾಂಕನ್ನು ದಾಟಿಸಿದರು. ಏಪ್ರಿಲ್ 8ರಿಂದ 11ರವರೆಗೆ ಹಗಲೂ ರಾತ್ರಿ ದಾರಿ ಬಿಡಿಸಿದರು. ಸೇನೆ ರಜೌರಿ ತಲುಪಿತು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರಲ್ಲಿ ಅವರೊಬ್ಬರು. ತೀರಿಕೊಂಡದ್ದು 1994ರಲ್ಲಿ.

ಮಳೆಗಾಲದಲ್ಲಿ ಅಣಶಿ ಘಟ್ಟ ಕುಸಿದಾಗ ಆಸ್ಪತ್ರೆಗೆ ಹೋಗಲಾರದೆ ಒದ್ದಾಡಿದ ನಮಗೆ, ಒಂದು ದಾರಿ ತೆರೆಯುವುದು ಎಂಥ ಕೆಲಸ ಎಂದು ಯಾರೂ ಹೇಳಿಕೊಡಬೇಕಿಲ್ಲ. ಗುಂಡಿನ ಮಳೆಯಲ್ಲಿ ಅದನ್ನು ಮಾಡಿದವರ ಮೇಲೆ ಕನ್ನಡದಲ್ಲಿ ಒಂದು ದೊಡ್ಡ ಚಿತ್ರ ನಾವು ನೋಡಿಲ್ಲ. ಕಾರವಾರದ ಕಡಲ ತೀರದಲ್ಲಿ ಅವರ ಪ್ರತಿಮೆ ಇದೆ. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಟ್ಟರು. ಕನ್ನಡದ ತೆರೆಗೆ ಮಾತ್ರ ಅವರು ಬೇಡವಾದರು. ಕಾರಣ ನನಗೆ ಕಾಣುವುದು ಒಂದೇ: ಅವರು ಅಂದು ಶತ್ರುಗಳ ಹೆಣ ಉರುಳಿಸಲಿಲ್ಲ, ತಾವೂ ಸಾಯಲಿಲ್ಲ.

ಸತ್ತವರಿಗಾದರೂ ನ್ಯಾಯ ಸಿಕ್ಕಿತೇ? ಕೊಡಗಿನವರನ್ನು ಕೇಳಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು, ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಶತ್ರು ವಿಮಾನವನ್ನು ಹೊಡೆದುರುಳಿಸಿ ತಾವು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಆ ಮನೆಯವರು ಅಷ್ಟು ಕಾಲ ಕಾದರು. 2025ರಲ್ಲಿ ಆ ದಾಳಿಯ ಕಥೆಯಿಟ್ಟುಕೊಂಡು 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ಬಂದಾಗ ಪಾತ್ರಕ್ಕೆ ಬೇರೆಯೇ ಹೆಸರು. ನಮ್ಮವರನ್ನು ತಮಿಳರೆಂದು ತೋರಿಸಿದಿರಿ, ಕೊಡವರ ಗುರುತನ್ನೇ ಅಳಿಸಿದಿರಿ ಎಂದು ಕೊಡಗಿನವರು ನೊಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿದೆ? ತಮಿಳು ಸೈನಿಕರ ಮೇಲೆ ನಮಗೆ ಗೌರವವಿದೆ. ಅವರಿಗೆ ಅವರ ಹೆಸರು, ಇವರಿಗೆ ಇವರ ಹೆಸರು ಸಲ್ಲಲಿ.

ಕೊಡಗಿನ ಯೋಧನನ್ನು ಅವನ ಮನೆ, ಹೆಂಡತಿ, ಮಗುವಿನ ಸಮೇತ ತೋರಿಸಿದ 'ಮುತ್ತಿನ ಹಾರ' 1990ರಲ್ಲೇ ಬಂದಿತ್ತು. ಆ ಚಿತ್ರ ನೋಡಿ ಅತ್ತವರು ಇಂದಿಗೂ ಅದರ ಮಾತಾಡುತ್ತಾರೆ. ಅಂದರೆ ಮಾಡಲು ಬರುತ್ತದೆ, ಜನ ನೋಡುತ್ತಾರೆ. ಆಮೇಲಿನವರು ಆ ದಾರಿ ಹಿಡಿಯಲಿಲ್ಲ.

ಸುದ್ದಿ ವಾಹಿನಿಗಳ ಮಾತು ಇನ್ನೂ ನೋವಿನದು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಹತ್ತು ಮಂದಿ ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿ, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ನಾಡಿಗೆ ನಾಡೇ ಅವರಿಗಾಗಿ ದೇವರಿಗೆ ಹರಕೆ ಹೊತ್ತಿತ್ತು. ಆದರೆ ಇಂಥ ಹೊತ್ತಿನಲ್ಲೆಲ್ಲ ಯೋಧನ ಮನೆಯ ಹೊಸ್ತಿಲಿಗೆ ಕ್ಯಾಮೆರಾ ಬರುತ್ತದೆ, ಅಳುವ ಹೆಂಗಸಿನ ಬಾಯಿಗೆ ಮೈಕು ಹಿಡಿದು "ಈಗ ನಿಮಗೆ ಏನನ್ನಿಸುತ್ತಿದೆ?" ಎಂದು ಕೇಳುತ್ತಾರೆ. ಅದೇ ದೃಶ್ಯವನ್ನು ಸಂಗೀತ ಸೇರಿಸಿ ದಿನವಿಡೀ ತಿರುಗಿಸುತ್ತಾರೆ. 1984ರಿಂದ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಚಳಿ, ಹಿಮಕುಸಿತ, ಉಸಿರಿಗೆ ಸಾಲದ ಗಾಳಿ. ಅಲ್ಲಿನ ಚೌಕಿಯಲ್ಲಿ ಊಟ ಹೇಗೆ, ನಿದ್ದೆ ಹೇಗೆ, ಕಾಲ್ಬೆರಳು ಕೊಳೆಯದಂತೆ ಕಾಪಾಡಿಕೊಳ್ಳುವುದು ಹೇಗೆ? ಅದನ್ನು ತೋರಿಸಲು ಯಾರಿಗೂ ಪುರುಸೊತ್ತಿಲ್ಲ.

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಕಡೆಗಂತೂ ಕ್ಯಾಮೆರಾ ಹೋಗುವುದು ಹಬ್ಬ ಇದ್ದಾಗ, ಗುರುಗಳು ಬಂದಾಗ. ಆದರೆ ಇಂಥ ಟಿಬೆಟನ್ನರನ್ನೇ ಸೇರಿಸಿ 1962ರ ಯುದ್ಧದ ಹೊತ್ತಿಗೆ ಕಟ್ಟಿದ ವಿಶೇಷ ಗಡಿ ಪಡೆ 1971ರಲ್ಲಿ ಚಿತ್ತಗಾಂಗ್ ಗುಡ್ಡಗಳಲ್ಲಿ ನಮಗಾಗಿ ಹೋರಾಡಿತು, ಜೀವಗಳನ್ನು ಕೊಟ್ಟಿತು. ಆ ಸುದ್ದಿ ವರ್ಷಗಟ್ಟಲೆ ಗುಟ್ಟಿನಲ್ಲೇ ಉಳಿಯಿತು. ಈಗ ಪುಸ್ತಕಗಳಲ್ಲಿ ಬಂದಿದೆ. ತೆರೆಯ ಮೇಲೆ ನಾವು ಇನ್ನೂ ನೋಡಿಲ್ಲ.

ಸಣ್ಣ ವಿಷಯಗಳಲ್ಲೂ ಅಸಡ್ಡೆಯೇ. ಪದಕ ಎಡ ಎದೆಯ ಮೇಲಿರಬೇಕು. ಭೂಸೇನೆಯ ಸೆಲ್ಯೂಟಿನಲ್ಲಿ ಅಂಗೈ ಎದುರಿನವರಿಗೆ ಕಾಣಬೇಕು, ನೌಕಾದಳದಲ್ಲಿ ನೆಲದ ಕಡೆಗಿರಬೇಕು. ಕಾರವಾರದ ಶಾಲೆಯ ಹುಡುಗರಿಗೂ ಗೊತ್ತಿರುವ ಇದು ಕೋಟಿಗಟ್ಟಲೆ ಸುರಿದು ಚಿತ್ರ ಮಾಡುವವರಿಗೆ ಗೊತ್ತಾಗದೇ?

ಸರ್ಕಾರದಲ್ಲಿ ಕೂತ ಮೇಲಿನವರು ಸುಮ್ಮನಿದ್ದಾರೆ. ಇಲ್ಲ, ಒಮ್ಮೆ ಎದ್ದರು. 2020ರಲ್ಲಿ, ಸೇನೆಯ ಕಥೆಯ ಚಿತ್ರ, ವೆಬ್ ಸರಣಿಗಳು ಪ್ರಸಾರಕ್ಕೆ ಮುನ್ನ ಒಪ್ಪಿಗೆ ಪತ್ರ ಪಡೆಯಬೇಕೆಂದು ದಿಲ್ಲಿಯಿಂದ ಸೂಚನೆ ಹೋಯಿತು. ಸೇನೆಯ ಮರ್ಯಾದೆ ಕಾಯಲಿಕ್ಕೆ ಅದು. ಮನೆಗೆ ಬಂದ ಹವಾಲ್ದಾರನ ಮರ್ಯಾದೆ ಕಾಯಲು ಯಾವ ಸೂಚನೆಯೂ ಬರಲಿಲ್ಲ. ಒಪ್ಪಿಗೆಯ ಮುದ್ರೆ ಜಾಸ್ತಿಯಾದಷ್ಟೂ ಸೈನಿಕನ ನಿಜವಾದ ಕಷ್ಟ ತೆರೆಯಿಂದ ಇನ್ನೂ ದೂರವಾಗುತ್ತದೆ ಎಂಬ ಅಂಜಿಕೆಯೂ ನನಗಿದೆ. ಪತ್ರ ಬರೆದವರಿಗೆ ಉತ್ತರವಿಲ್ಲ, ಕೇಳಿದವರಿಗೆ "ಅದು ಬರೀ ಮನರಂಜನೆ" ಎಂಬ ಮಾತು. ನಮ್ಮ ಮನೆಯವರ ಬದುಕು ಯಾರ ಮನರಂಜನೆ?

ನಾವು ಕೇಳುತ್ತಿರುವುದು ದೊಡ್ಡದಲ್ಲ. ನಿಜವಾದ ಯೋಧನ ಕಥೆ ತೆಗೆದುಕೊಂಡರೆ ಅವನ ಹೆಸರು, ಊರು, ಭಾಷೆ ಬಿಡಬೇಡಿ. ಬರೆಯುವ ಮುನ್ನ ಒಬ್ಬ ಮಾಜಿ ಸೈನಿಕನನ್ನಾದರೂ ಕೂರಿಸಿ ಕೇಳಿ. ಸಾವಿನ ಮನೆಗೆ ಮೈಕು ಒಯ್ಯಬೇಡಿ. ಪಿಂಚಣಿ ಕಾಗದಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುವವನನ್ನೂ, ರಜೆ ಮುಗಿದು ಟ್ರಂಕು ಹೊತ್ತು ಬಸ್ಸಿಗೆ ಕಾಯುವವನನ್ನೂ ತೋರಿಸಿ. ಚೆಂಡಿಯಾದ ರಾಣೆಯವರ ಕಥೆಯನ್ನು ಕನ್ನಡದಲ್ಲಿ ಯಾರು ಮಾಡುತ್ತೀರಿ, ಯಾವಾಗ ಮಾಡುತ್ತೀರಿ, ಈ ಪತ್ರಕ್ಕೆ ಉತ್ತರವಾಗಿ ಅದನ್ನು ಹೇಳಿ.

ಇತಿ,
ಅಣಶಿಯ ಒಬ್ಬ ನೋಡುಗ