ಹೊಲ ನೋಡಾಕ ಒಂದು ದಿನ

ಹಳ್ಳಿಗೆ ಹೋಗಿ ರಿಲ್ಯಾಕ್ಸ್ ಆಗೋಣ ಅಂದ್ರೆ ನಮಗೆ ಮೊದಲು ನೆನಪಾಗೋದು ಹೋಮ್‌ಸ್ಟೇ, ಮಂಜು, ಕಾಫಿ ತೋಟ. ನಮ್ಮ ಮುಕ್ಕುಂದದಲ್ಲಿ ಇವ್ಯಾವೂ ಇಲ್ಲ. ಸಿಂಧನೂರು ತಾಲ್ಲೂಕಿನ, ತುಂಗಭದ್ರೆಯ ದಂಡೆಯ ಊರು. ಸಪಾಟು ಎರಿ ಭೂಮಿ, ಭತ್ತದ ಗದ್ದೆ, ಹೊಳೆ. ಹೊಳೆ ಆಚೆಗೆ ಬಳ್ಳಾರಿ ಜಿಲ್ಲೆ. ಮೊಬೈಲ್ ತೆಗೆದು ಫೋಟೊ ಹೊಡೀಬೇಕು ಅನ್ನಿಸುವಂಥದ್ದು ಮೇಲ್ನೋಟಕ್ಕೆ ಏನೂ ಕಾಣೋದಿಲ್ಲ.

ಆದರೆ ಸುಮ್ಮನೆ ಹೊಲ ನೋಡಿ ಬರೋದಕ್ಕೆ ಅಂತಾನೇ ಪಂಚಾಂಗದಲ್ಲಿ ಒಂದು ದಿನ ಇಟ್ಟುಕೊಂಡ ಸೀಮೆ ನಮ್ಮದು. ಅದು ಎಳ್ಳ ಅಮಾವಾಸ್ಯೆ. ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುತ್ತೆ. ಅವತ್ತು ಕೆಲಸಕ್ಕಲ್ಲ, ಉಣ್ಣೋದಕ್ಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಬುತ್ತಿ ಕಟ್ಟಿಕೊಂಡು, ಮೊದಲೆಲ್ಲ ಎತ್ತಿನ ಬಂಡಿ, ಈಗ ಟ್ರ್ಯಾಕ್ಟರ್. ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ. ಆಮೇಲೆ ಚರಗ. ಒಬ್ಬರು ಕೂಗುತ್ತಾ ಅನ್ನದ ತುತ್ತು ಎರಚುತ್ತಾ ಮುಂದೆ ಹೋದರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಬರ್ತಾರೆ. ಭೂಮಿತಾಯಿಗೆ ಉಣಿಸಿದ ಮೇಲೆ ನಮ್ಮ ಊಟ.

ನಾನು ಇದನ್ನು ಭಕ್ತಿಯ ಕಣ್ಣಿಂದ ಮಾತ್ರ ನೋಡೋದಿಲ್ಲ. ಚರಗ ಚೆಲ್ಲಬೇಕು ಅಂದ್ರೆ ಹೊಲದ ಸುತ್ತ ನಡೀಲೇಬೇಕು. ಬದುವಿನ ಮೇಲೆ, ಬರಿಗಾಲಲ್ಲಿ, ನಿಧಾನಕ್ಕೆ. ವರ್ಷಕ್ಕೊಂದು ಸಲವಾದರೂ ಒಕ್ಕಲಿಗ ತನ್ನ ಭೂಮಿಯ ನಾಲ್ಕೂ ಮೂಲೆ ನೋಡಿ ಬರಲಿ ಅಂತ ಹಿರಿಯರು ಮಾಡಿಟ್ಟ ಏರ್ಪಾಡಿನಂಗೆ ನನಗೆ ಕಾಣುತ್ತೆ.

ಇದು ಮೂಲದಲ್ಲಿ ಜೋಳದ ಸೀಮೆಯ ಹಬ್ಬ. ಮಸ್ಕಿ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಆ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ ಹಸಿರಾಗಿ ನಿಂತಿರುತ್ತೆ. ನಮ್ಮ ಕಡೆ ಹಂಗಲ್ಲ. 1953ರಲ್ಲಿ ಹೊಸಪೇಟೆ ಹತ್ತಿರ ಅಣೆಕಟ್ಟು ಮುಗಿದು, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಕೊಪ್ಪಳ ದಾಟಿ ರಾಯಚೂರು ಜಿಲ್ಲೆಗೆ ಹರಿದು ಬಂದ ಮೇಲೆ ಸಿಂಧನೂರು ಭತ್ತದ ಕಣಜ ಆಯ್ತು. ಎಳ್ಳ ಅಮಾವಾಸ್ಯೆ ಹೊತ್ತಿಗೆ ನಮ್ಮಲ್ಲಿ ಕೊಯ್ಲು ಮುಗಿದು ಗದ್ದೆ ಖಾಲಿ. ಕೂಳೆ, ಕೊಯ್ಯುವ ಮಷೀನಿನ ಗಾಲಿ ಗುರುತು, ಹುಲ್ಲಿನ ಸುರುಳಿ.

"ಖಾಲಿ ಗದ್ದ್ಯಾಗ ಏನು ನೋಡೋದೈತಪ್ಪಾ?" ಅಂದೆ ಕಳೆದ ಸಲ.

"ಬೆಳಿ ಇದ್ದಾಗ ಬೆಳಿ ಕಾಣತೈತಿ. ಖಾಲಿ ಇದ್ದಾಗ ನೆಲ ಕಾಣತೈತಿ, ಬಾ," ಅಂದರು ಅಪ್ಪ.

ಅವರು ಕರೆದದ್ದಕ್ಕೆ ಕಾರಣ ಇತ್ತು. ಮೊಣಕಾಲು ನೋವು ಜಾಸ್ತಿಯಾಗಿ, ಹೊಲ ಲೀಜಿಗೆ ಕೊಡೋಣವೇ ಅನ್ನೋ ಮಾತು ಮನೆಯಲ್ಲಿ ಎದ್ದಿತ್ತು. ನಾನು, ತಂಗಿ, ಇಬ್ಬರೂ ಬೆಂಗಳೂರಲ್ಲಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಕರೆಗೆ ಎಷ್ಟು ಚೀಲ ಅನ್ನೋ ಲೆಕ್ಕವೇ ನಡೀತಿತ್ತು.

ಬದುವಿನ ಮೇಲೆ ನಾವು ನಡೆದದ್ದು ಅಪ್ಪನ ಮೊಣಕಾಲಿನ ವೇಗದಲ್ಲಿ. ಆ ವೇಗದಲ್ಲೇ ಒಂದೊಂದಾಗಿ ಕಾಣೋಕೆ ಶುರುವಾಯ್ತು. ಪಂಪ್‌ಸೆಟ್ಟಿನ ವೈರಿನ ಮೇಲೆ ಮಿಂಚುಳ್ಳಿ. ಪಕ್ಕದವರ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಹುಳ ಹೆಕ್ಕುತ್ತಾ ಓಡೋ ಬೆಳ್ಳಕ್ಕಿ. ಎರಿ ಮಣ್ಣಿನ ಬಿರುಕು, ಅದರೊಳಗೆ ಏಡಿ ತೂತು. ಕೊನೆಗೆ ತಗ್ಗಿನ ಮೂಲೆಯಲ್ಲಿ ನೆಲದ ಮೇಲೆ ಬೆಳ್ಳಗೆ, ಸುಣ್ಣ ಚೆಲ್ಲಿದಂಗೆ ಒಂದು ಪದರ.

"ಸವಳು," ಅಂದರು ಅಪ್ಪ. "ಹ್ವಾದ ವರ್ಷ ಇಷ್ಟಿರಲಿಲ್ಲ."

ಕಾಲುವೆ ಸೀಮೆಯ ಹಳೇ ರೋಗ ಇದು. ಗದ್ದೆಯಲ್ಲಿ ಸದಾ ನೀರು ನಿಂತು, ಬಸಿದು ಹೋಗೋಕೆ ದಾರಿ ಇಲ್ಲದಿದ್ರೆ ಒಳಗಿನ ನೀರಿನ ಮಟ್ಟ ಮೇಲೇರುತ್ತೆ. ಆ ನೀರು ಬಿಸಿಲಿಗೆ ಆರಿದಾಗ ಉಪ್ಪು ಮಾತ್ರ ಮೇಲೆ ಉಳಿಯುತ್ತೆ. ಹಂಗೇ ಬಿಟ್ಟರೆ ಆ ಜಾಗದಲ್ಲಿ ಬೆಳೆ ಏಳೋದಿಲ್ಲ. ಹಸಿರು ಭತ್ತ ನಿಂತಾಗ ಬೈಕಿನ ಮೇಲೆ ಹಾದುಹೋದರೆ ಇದು ಕಣ್ಣಿಗೆ ಬೀಳೋದಿಲ್ಲ. ಫೋನಿನಲ್ಲಿ ಹಾಕೋ ಲೆಕ್ಕಕ್ಕಂತೂ ಸಿಗೋದೇ ಇಲ್ಲ.

ಬುತ್ತಿ ಬಿಚ್ಚಿ ಉಣ್ಣುವಾಗಲೇ ತೀರ್ಮಾನ ಆಯ್ತು. ಲೀಜಿಗೆ ಕೊಟ್ಟರೂ ಸರಿ, ಮೊದಲು ಆ ಮೂಲೆಗೆ ಬಸಿಗಾಲುವೆ ತೆಗೆಸೋದು. ಅದರ ಖರ್ಚು ನನ್ನದು, ತಂಗಿಯದು.

ಮಸ್ಕಿಯ ಅಶೋಕನ ಶಾಸನ ನೆನಪಿರಬಹುದು. 1915ರಲ್ಲಿ ಅದು ಕಣ್ಣಿಗೆ ಬಿದ್ದದ್ದು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರಿಗೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಬಂಡೆ ಅಲ್ಲೇ ಇತ್ತು. 'ದೇವಾನಾಂಪ್ರಿಯ' ಅನ್ನೋ ಬಿರುದು ಅಶೋಕನದೇ ಅಂತ ಗಟ್ಟಿಯಾದದ್ದು ಅದರಲ್ಲಿದ್ದ ಹೆಸರಿಂದ. ಯಾರೋ ಒಬ್ಬರು ಹತ್ತಿರ ಹೋಗಿ ನಿಂತು ನೋಡಬೇಕಾಯ್ತು, ಅಷ್ಟೇ.

ನಿಮಗೆ ಹೊಲ ಇರಲಿ, ಇಲ್ಲದಿರಲಿ, ಮುಂದಿನ ಸಲ ಊರಿಗೆ ಹೋದಾಗ ಒಂದು ಮುಂಜಾನೆ ಖಾಲಿ ಇಟ್ಟುಕೊಳ್ಳಿ. ಬೈಕ್ ಬಿಟ್ಟು ನಡೀರಿ. ಮನೆಯ ಹಿರಿಯರನ್ನು ಜೊತೆಗೆ ಕರ್ಕೊಳ್ಳಿ, ಅವರ ನಡಿಗೆಗೆ ನಿಮ್ಮ ನಡಿಗೆ ಹೊಂದಿಸಿ. ಹಕ್ಕಿ, ಗಿಡ, ಮಣ್ಣು, ಕಂಡದ್ದಕ್ಕೆಲ್ಲ ನಮ್ಮ ಕಡೆ ಏನಂತಾರೆ ಅಂತ ಕೇಳಿ. ಫೋಟೊ ಬೇಕಾದರೆ ಕೊನೆಗೆ ತೆಗೀರಿ. ಬುತ್ತಿ ಮಾತ್ರ ಮರೀಬ್ಯಾಡ್ರಿ. ಬದುವಿನ ಮೇಲೆ ಕೂತು ಉಂಡ ರೊಟ್ಟಿಯ ರುಚಿ ಯಾವ ಹೋಮ್‌ಸ್ಟೇಯಲ್ಲೂ ಸಿಗಂಗಿಲ್ಲ.