ಅವಧಿಗೆ ಮುನ್ನ ಮನೆ ಬಿಟ್ಟರೆ

ಯಲಹಂಕ, ಹೆಬ್ಬಾಳಗಳ ಕಡೆ ಸಾಮಾನು ಸಹಿತವಾದ ಮನೆಯನ್ನು ಕೆಲವು ತಿಂಗಳ ಮಟ್ಟಿಗೆ ಬಾಡಿಗೆಗೆ ಕೊಡುವುದುಂಟು. ಆರು ತಿಂಗಳಿಗೆಂದು ಬಂದ ಸಂಸಾರವೊಂದು, ಊರಿನಲ್ಲಿ ಹಿರಿಯರು ಹಾಸಿಗೆ ಹಿಡಿದರೆಂದು ಎರಡೇ ತಿಂಗಳಿಗೆ ಹೊರಟು ನಿಂತಿತೆನ್ನಿ. ಕೊಟ್ಟ ಮುಂಗಡದ ಗತಿಯೇನು?

“ಕರಾರಿನಲ್ಲಿ ಬರೆದಿದೆ, ಒಂದು ಕಾಸೂ ಹಿಂದಿರುಗದು” ಎನ್ನುವ ಮನೆಯೊಡೆಯರಿದ್ದಾರೆ. ಕಾನೂನು ಅಷ್ಟು ನಿಷ್ಠುರವಲ್ಲ. 1872ರ ಕರಾರು ಕಾಯಿದೆಯ 74ನೆಯ ಪ್ರಕರಣದಂತೆ ಕರಾರು ಮುರಿದವರು ತೆರಬೇಕಾದುದು ನ್ಯಾಯವಾದ ಪರಿಹಾರ ಮಾತ್ರ. ಪತ್ರದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ. ನಷ್ಟವಾಗಿದ್ದರೆ ಮಾತ್ರ ಪರಿಹಾರವೆಂದು ಸುಪ್ರೀಂ ಕೋರ್ಟು 2015ರಲ್ಲಿ, ಕೈಲಾಸ್ ನಾಥ್ ಮೊಕದ್ದಮೆಯಲ್ಲಿ, ಹೇಳಿದೆ.

ಹಾಗೆಂದು ಮನೆಯೊಡೆಯರ ಕಷ್ಟವನ್ನೂ ಮರೆಯಲಾಗದು. ಅವರಲ್ಲಿ ಎಷ್ಟೋ ಮಂದಿಗೆ ಆ ಬಾಡಿಗೆಯೇ ಜೀವನಾಧಾರ. ಮನೆ ಬರಿದಾಗಿದ್ದ ದಿನಗಳ ನಷ್ಟವನ್ನೂ ಮುರಿದ ಸಾಮಾನಿನ ಬೆಲೆಯನ್ನೂ ಅವರು ಕೇಳುವುದು ನ್ಯಾಯವೇ. ಆದರೆ ಹೊಸಬರನ್ನು ಹುಡುಕುವ ಪ್ರಯತ್ನವನ್ನೂ ಅವರು ಮಾಡಬೇಕು. ಮರುವಾರವೇ ಅದೇ ಬಾಡಿಗೆಗೆ ಬೇರೊಬ್ಬರು ಬಂದರೆ ನಷ್ಟವೂ ಅಲ್ಲಿಗೇ ನಿಲ್ಲುತ್ತದೆ.

ಬಿಡುವ ಮುನ್ನ ಎಷ್ಟು ದಿನದ ನೋಟೀಸು, ಕಳೆಯುವುದೆಷ್ಟು, ಉಳಿದುದನ್ನು ಹಿಂದಿರುಗಿಸುವುದು ಎಂದು? ಕೀಲಿಕೈ ಪಡೆಯುವ ಮೊದಲೇ, ಸಂಕೋಚಪಡದೆ, ಈ ಮೂರನ್ನೂ ಪತ್ರದಲ್ಲಿ ಬರೆಸಿಕೊಳ್ಳಿರಿ. ಹಣ ಕೊಟ್ಟುದಕ್ಕೆ ರಸೀದಿಯನ್ನೂ ಪಡೆಯಿರಿ.